ಕುಡಿತ ಬಿಟ್ಟು ತಿಂಗಳಾದರೂ ಬಿಡದ ಚಡಪಡಿಕೆ: ದಾಟುವುದು ಹೇಗೆ?

ಕುಡಿತ ಬಿಟ್ಟ ಮೊದಲ ವಾರದ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೈ ನಡುಗುತ್ತದೆ, ಮೈಯೆಲ್ಲ ಬೆವರುತ್ತದೆ, ಊಟ ಸೇರುವುದಿಲ್ಲ. ಮನೆಯವರು ಪಕ್ಕದಲ್ಲೇ ಕೂರುತ್ತಾರೆ, ಡಾಕ್ಟರು ಮಾತ್ರೆ ಕೊಡುತ್ತಾರೆ. ಹತ್ತು ದಿನ ಕಳೆದರೆ ಮುಖಕ್ಕೆ ಕಳೆ ಬರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಐದನೆಯ ವಾರವೋ ಮೂರನೆಯ ತಿಂಗಳೋ ಇದ್ದಕ್ಕಿದ್ದಂತೆ ನಿದ್ದೆ ಹಾರಿಹೋಗುತ್ತದೆ. ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ. ಪೇಟೆಗೆ ಹೋದವನಿಗೆ ಏನು ತರಲು ಬಂದೆ ಎಂಬುದೇ ಮರೆತುಹೋಗುತ್ತದೆ. ಹಿಂದೆ ಖುಷಿ ಕೊಡುತ್ತಿದ್ದ ಯಕ್ಷಗಾನವಾಗಲಿ, ಹೊಳೆ ದಂಡೆಯಲ್ಲಿ ಗಾಳ ಹಾಕಿ ಕೂರುವುದಾಗಲಿ ರುಚಿಸುವುದಿಲ್ಲ. ಆಗ ತಲೆಯೊಳಗೆ ಒಂದು ಮಾತು ಏಳುತ್ತದೆ: "ಕುಡಿಯುವಾಗಲೇ ಚೆನ್ನಾಗಿದ್ದೆನಲ್ಲ?" ಬಿಟ್ಟವರು ಮತ್ತೆ ಹಿಡಿಯುವುದು ಹೆಚ್ಚಾಗಿ ಈ ಮಾತಿನ ಹಿಂದೆ ಹೋಗಿ.

ಈ ಬರಹ ಅಂಥವರಿಗೆ ಮತ್ತು ಅವರ ಮನೆಯವರಿಗೆ. ನಾನು ಡಾಕ್ಟರಲ್ಲ. ಕುಡಿತ ಬಿಟ್ಟವನು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಕಡೆಗೂ ಬಿಟ್ಟವರ ಜೊತೆ ಕೂತು ಮಾತಾಡುತ್ತ ಬಂದಿದ್ದೇನೆ. ನನಗೆ ಹೇಳಲು ಇರುವುದು ಮುಖ್ಯವಾಗಿ ಒಂದು. ತಡವಾಗಿ ಬರುವ ಈ ತೊಂದರೆಗಳೂ ಕುಡಿತ ಬಿಡುವ ಕೆಲಸದ ಭಾಗವೇ. ಬರುತ್ತವೆ ಎಂದು ಮೊದಲೇ ಗೊತ್ತಿದ್ದು, ಬಂದಾಗ ಏನು ಮಾಡಬೇಕೆಂದು ಮನೆಮಂದಿಗೂ ತಿಳಿದಿದ್ದರೆ ದಾಟಬಹುದು. ಗೊತ್ತಿಲ್ಲದೆ ಸಿಕ್ಕಿಬಿದ್ದವರಿಗೆ ಬಾಟ್ಲಿಯೇ ಪರಿಹಾರವಾಗಿ ಕಾಣುತ್ತದೆ.

ಇನ್ನೂ ಕುಡಿಯುತ್ತಿರುವವರು ಇದನ್ನು ಮೊದಲು ಓದಿ

ದಿನಾ ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಕೈ ನಡುಕ ನಿಲ್ಲಲೆಂದೇ ಕುಡಿಯುವವರು, ಮನೆಯಲ್ಲಿ ತಾವೇ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಅಪಾಯವಿದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಬುದ್ಧಿ ಕಲಕಿ, ಇಲ್ಲದ ಹುಳ-ಹಾವು, ಇಲ್ಲದ ಜನ ಕಾಣಿಸಿ, ಜ್ವರ ಏರಿ, ಎದೆ ಬಡಿದುಕೊಳ್ಳುತ್ತದೆ. ಇದಕ್ಕೆ ಡಿಲೀರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ನಮ್ಮ ಕಡೆ ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ನೋಟಗಾರರ ಮನೆಗೆ ಕರೆದೊಯ್ದು ಹೊತ್ತು ಕಳೆಯುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಂದಿನ ಮಾತೆಲ್ಲ ಈ ಹಂತ ದಾಟಿದವರಿಗೆ.

ಮೈಯೊಳಗೆ ನಡೆಯುತ್ತಿರುವುದೇನು

ಮಿದುಳಿನಲ್ಲಿ ನರಗಳನ್ನು ತಣ್ಣಗಾಗಿಸುವ ಗಾಬಾ ಎಂಬ ರಾಸಾಯನಿಕವಿದೆ, ಎಚ್ಚರವಾಗಿಡುವ ಗ್ಲುಟಮೇಟ್ ಎಂಬ ಇನ್ನೊಂದಿದೆ. ಮದ್ಯ ಮೊದಲನೆಯದರ ಕೆಲಸ ಹೆಚ್ಚಿಸಿ ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮಿದುಳು ತೂಕ ಸರಿದೂಗಿಸಲು ತಣ್ಣಗಾಗಿಸುವುದನ್ನು ತಗ್ಗಿಸಿ, ಎಚ್ಚರಿಸುವುದನ್ನು ಹೆಚ್ಚಿಸಿಕೊಳ್ಳುತ್ತದೆ. ಮದ್ಯ ನಿಂತ ದಿನ ಈ ಹೊಂದಾಣಿಕೆ ಮಾತ್ರ ಹಾಗೇ ಉಳಿದಿರುತ್ತದೆ. ಅದಕ್ಕೇ ಎದೆ ಡವಡವ, ನಿದ್ದೆಗೇಡು, ಕಾರಣವಿಲ್ಲದ ಹೆದರಿಕೆ. ಜೊತೆಗೆ ಸಂತೋಷ ಕೊಡುವ ಡೋಪಮಿನ್ ವ್ಯವಸ್ಥೆಯೂ ಮದ್ಯಕ್ಕೇ ಒಗ್ಗಿಹೋಗಿರುವುದರಿಂದ ಒಳ್ಳೆಯ ಊಟ, ಮಗುವಿನ ನಗು ಕೂಡ ಸಪ್ಪೆ ಅನ್ನಿಸುತ್ತದೆ.

ಮೊದಲ ವಾರದಲ್ಲಿ ಇದರ ಒರಟು ಭಾಗ ಸರಿಹೋಗುತ್ತದೆ. ಉಳಿದದ್ದಕ್ಕೆ ತಿಂಗಳುಗಳು ಬೇಕು. ಪೋಸ್ಟ್ ಅಕ್ಯೂಟ್ ವಿಡ್ರಾವಲ್ ಎನ್ನುವುದು ಇದನ್ನೇ. ವಿಡ್ರಾವಲ್ ಎಂದರೆ ಕುಡಿತ ನಿಂತಾಗ ಮೈ-ಮನಸ್ಸು ಪಡುವ ಪಾಡು. ರೋಗಗಳ ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಬೇರೆ ಕಾಯಿಲೆಯ ಸ್ಥಾನವಿಲ್ಲ. ಹಾಗಾಗಿ ಕೆಲವು ವೈದ್ಯರು ಈ ಹೆಸರು ಬಳಸದಿರಬಹುದು, ಆದರೆ ನಿಮ್ಮ ತೊಂದರೆ ಅವರಿಗೂ ಪರಿಚಿತವೇ. ಸಾಮಾನ್ಯವಾಗಿ ಮೊದಲ ನಾಲ್ಕಾರು ತಿಂಗಳು ಜೋರಾಗಿದ್ದು ಬರಬರುತ್ತ ಇಳಿಯುತ್ತದೆ. ನಿದ್ದೆ ಮಾತ್ರ ಕೆಲವರಿಗೆ ವರ್ಷವಾದರೂ ಪೂರ್ತಿ ಹದಕ್ಕೆ ಬರುವುದಿಲ್ಲ. ಇದು ದಿನದಿನಕ್ಕೆ ಒಂದೇ ಸಮನೆ ಇಳಿಯುವುದಿಲ್ಲ ಎಂಬುದನ್ನು ಚೆನ್ನಾಗಿ ನೆನಪಿಡಿ. ಹದಿನೈದು ದಿನ ಹಾಯಾಗಿದ್ದು ಮತ್ತೆ ಮೂರು ದಿನ ಹಿಂಡಬಹುದು. ಆ ಮೂರು ದಿನ ಬಂದವೆಂದರೆ ಎಲ್ಲವೂ ಮೊದಲಿನಿಂದ ಶುರುವಾಯಿತು ಎಂದು ಅರ್ಥವಲ್ಲ.

ಹೆಜ್ಜೆ 1: ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ

ನಮ್ಮವರು ಮೊದಲ ವಾರ ಆಸ್ಪತ್ರೆಗೆ ಹೋಗುತ್ತಾರೆ, ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ. ನಾಲ್ಕನೆಯ ವಾರದ ಹೊತ್ತಿಗೆ ಒಮ್ಮೆ ಹೋಗಲೇಬೇಕು. ಯಾಕೆಂದರೆ ದಣಿವು, ಬೇಸರ, ಮರೆವು ಎಲ್ಲಕ್ಕೂ ಕುಡಿತವೇ ಕಾರಣವಾಗಿರಬೇಕಿಲ್ಲ. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಬಿ12 ಕೊರತೆ ಇರಬಹುದು. ಲಿವರ್ ಟೆಸ್ಟ್ ಮಾಡಿಸುವುದರಿಂದ ಇನ್ನೊಂದು ಲಾಭವಿದೆ. ಅದರಲ್ಲಿ ಜಿಜಿಟಿ ಎಂಬ ಅಂಶ ಕುಡಿತ ನಿಂತ ಕೆಲವು ವಾರಗಳಲ್ಲಿ ಇಳಿಯುತ್ತದೆ. ಮನಸ್ಸು "ಏನೂ ಸುಧಾರಿಸಿಲ್ಲ" ಎನ್ನುವಾಗ ಕೈಯಲ್ಲಿರುವ ಕಾಗದ ಸುಧಾರಿಸಿದ್ದನ್ನು ತೋರಿಸುತ್ತದೆ. ಹಳೆಯ ರಿಪೋರ್ಟನ್ನು ಎಸೆಯಬೇಡಿ.

ಎಲ್ಲಿಗೆ ಹೋಗುವುದು? ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಜನ ಕ್ರಿಮ್ಸ್ ಎನ್ನುವುದು. ಶಿರಸಿಯವರಿಗೆ ಪಂಡಿತ ಸಾರ್ವಜನಿಕ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಶಿಬಿರ ನಡೆಯುತ್ತದೆ. ನಿಮ್ಮ ತಾಲೂಕಿನಲ್ಲಿ ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯಿಂದ ಹೊರಡಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಮಾತ್ರೆಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ತಪ್ಪು ತಿಳಿವಳಿಕೆ ಬಹಳ ಇದೆ. ನಾಲ್ಟ್ರೆಕ್ಸೋನ್ ಕುಡಿಯುವ ಸೆಳೆತವನ್ನೂ, ಕುಡಿದಾಗ ಸಿಗುವ ಮಜವನ್ನೂ ತಗ್ಗಿಸುತ್ತದೆ. ಅದನ್ನು ತೆಗೆದುಕೊಳ್ಳುವವರು ಬೇರೆ ನೋವಿಗೆ ಡಾಕ್ಟರ ಹತ್ತಿರ ಹೋದಾಗ ಮೊದಲೇ ಹೇಳಬೇಕು, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಅದು ಅಡ್ಡ ಬರುತ್ತದೆ. ಅಕಾಂಪ್ರೊಸೇಟ್ ಕುಡಿತ ಬಿಟ್ಟ ನಂತರವೂ ತೂಕ ತಪ್ಪಿರುವ ಮಿದುಳನ್ನು ಹದಕ್ಕೆ ತರಲು ಕೊಡುವಂಥದ್ದು. ದಿನಕ್ಕೆ ಮೂರು ಹೊತ್ತು ತಪ್ಪದೆ ನುಂಗಬೇಕಾದ್ದರಿಂದ ಜನ ಮಧ್ಯದಲ್ಲೇ ಬಿಡುತ್ತಾರೆ. ಊಟದ ಜೊತೆ ಕಟ್ಟಿಹಾಕಿಕೊಂಡರೆ ಮರೆಯುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಡಾಕ್ಟರಿಗೆ ತಿಳಿಸಬೇಕು.

ಮೂರನೆಯದು ಡೈಸಲ್ಫಿರಾಮ್. ಇದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಗೊತ್ತಿದ್ದು ಒಪ್ಪಿ ತೆಗೆದುಕೊಳ್ಳುವವರಿಗೆ ಇದು ಕಾವಲು. ಆದರೆ ಗಂಡನಿಗೋ ಮಗನಿಗೋ ಗೊತ್ತಾಗದಂತೆ ಸಾರಿನಲ್ಲಿ, ಚಹಾದಲ್ಲಿ ಬೆರೆಸುವವರಿದ್ದಾರೆ. ಹತಾಶೆಯಲ್ಲಿ ಮಾಡುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೂ ಕೈಮುಗಿದು ಹೇಳುತ್ತೇನೆ, ಬೇಡ. ಹೃದಯ, ಲಿವರ್ ದುರ್ಬಲವಾಗಿರುವವರು ಇದರಿಂದ ಸಾಯಬಹುದು. ಇದರ ಪ್ರಭಾವ ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಇರುತ್ತದೆ. ಈ ಮಾತ್ರೆ ತೆಗೆದುಕೊಳ್ಳುತ್ತಿರುವವರು ಆಯುರ್ವೇದದ ಅರಿಷ್ಟ, ಆಸವಗಳ ಬಗ್ಗೆಯೂ ಎಚ್ಚರವಾಗಿರಬೇಕು. ದಶಮೂಲಾರಿಷ್ಟದಂಥವುಗಳಲ್ಲಿ ಹುದುಗಿನಿಂದಲೇ ಬಂದ ಮದ್ಯಸಾರ ಇರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಇದೆ.

ಇನ್ನೊಂದು ಮಾತು. ನಿದ್ದೆಗೆಂದು ಪರಿಚಯದ ಮೆಡಿಕಲ್ ಅಂಗಡಿಯಿಂದ ಆಲ್ಪ್ರಜೋಲಾಂ ತಂದು ನುಂಗುವುದು ಬೇಡವೇ ಬೇಡ. ಅದು ಕೆಲಸ ಮಾಡುವುದು ಮದ್ಯ ಮುಟ್ಟುವ ಜಾಗದಲ್ಲೇ. ಒಂದು ಚಟದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ.

ಹೆಜ್ಜೆ 2: ನಿದ್ದೆಗೆ ದಾರಿ ಮಾಡಿ, ಬೆನ್ನಟ್ಟಬೇಡಿ

ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರ ದೂರು ನಿದ್ದೆಯದೇ. ರಾತ್ರಿ ಹನ್ನೊಂದಕ್ಕೆ ಮಲಗಿ ಎರಡಕ್ಕೆ ಎಚ್ಚರ, ಬೆಳಗಿನವರೆಗೆ ಮಗ್ಗುಲು ಬದಲಿಸುವುದು, ಹೆಂಚಿನ ಮೇಲೆ ಮಳೆ ಎಣಿಸುವುದು. ಮದ್ಯ ಕೊಡುತ್ತಿದ್ದದ್ದು ನಿದ್ದೆಯಂತೆ ಕಾಣುವ ಮಂಪರು. ಕನಸು ಬೀಳುವ ಹಂತವನ್ನು ಅದು ಅದುಮಿಟ್ಟಿರುತ್ತದೆ. ಬಿಟ್ಟ ಮೇಲೆ ಆ ಹಂತ ಒತ್ತರಿಸಿಕೊಂಡು ಬರುವುದರಿಂದ ಕನಸುಗಳು ಕಣ್ಣಿಗೆ ಕಟ್ಟಿದಂತೆ, ಕೆಲವು ಸಲ ಭಯಂಕರವಾಗಿ ಬೀಳುತ್ತವೆ. ಕುಡಿದಂತೆ ಕನಸು ಬೀಳುವುದು ಬಹಳ ಸಾಮಾನ್ಯ. ಬಾಯಲ್ಲಿ ರುಚಿ ಕೂಡ ಉಳಿದಂತೆ ಅನ್ನಿಸಿ, ತಪ್ಪು ಮಾಡಿದೆನೆಂದು ಎದ್ದು ಕೂತು ಅತ್ತವರನ್ನು ಬಲ್ಲೆ. ಕನಸಿನಲ್ಲಿ ಕುಡಿದದ್ದು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಹೆಂಡತಿಗೋ ಗೆಳೆಯನಿಗೋ ಹೇಳಿಬಿಡಿ, ಹಗುರಾಗುತ್ತದೆ.

ಮಾಡಬೇಕಾದದ್ದು ಇಷ್ಟು. ರಾತ್ರಿ ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಆರು ಎಂದರೆ ಆರು, ಭಾನುವಾರವೂ. ಎದ್ದ ಕೂಡಲೇ ಅಂಗಳಕ್ಕೆ ಬಂದು ಬೆಳಕಿಗೆ ಮುಖ ಕೊಡಿ. ಹಗಲು ಮಲಗುವುದಾದರೆ ಊಟದ ನಂತರ ಅರ್ಧ ಗಂಟೆಯೊಳಗೆ. ಮಧ್ಯಾಹ್ನ ಎರಡು-ಮೂರರ ಮೇಲೆ ಚಹಾ, ಕಾಫಿ ನಿಲ್ಲಿಸಿ. ಕುಡಿತ ಬಿಟ್ಟವರು ಕೈಗೆ ಕೆಲಸ ಬೇಕೆಂದು ದಿನಕ್ಕೆ ಎಂಟು-ಹತ್ತು ಲೋಟ ಚಹಾ ಕುಡಿಯುವುದನ್ನು ನೋಡಿದ್ದೇನೆ. ಎದೆ ಡವಡವಕ್ಕೆ ಅರ್ಧ ಕಾರಣ ಅದೇ ಆಗಿರುತ್ತದೆ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಜಗುಲಿಗೆ ಬನ್ನಿ, ಮಂದ ಬೆಳಕಿನಲ್ಲಿ ಕೂತು ಏನಾದರೂ ಮಾಡಿ: ಬಲೆ ಸಿಕ್ಕು ಬಿಡಿಸಿ, ಅಡಿಕೆ ಸುಲಿಯಿರಿ, ಹಳೆಯ ಪತ್ರಿಕೆ ಓದಿ. ಮೊಬೈಲ್ ಮಾತ್ರ ಬೇಡ. ಕಣ್ಣು ಎಳೆದಾಗ ಮತ್ತೆ ಹಾಸಿಗೆಗೆ ಹೋಗಿ.

ನಮ್ಮ ಜಿಲ್ಲೆಯವರಿಗೆ ಕವಳದ, ಅಂದರೆ ಎಲೆ-ಅಡಿಕೆಯ, ಮಾತನ್ನೂ ಹೇಳಲೇಬೇಕು. ಕುಡಿತ ನಿಂತ ಮೇಲೆ ಕವಳ ದುಪ್ಪಟ್ಟಾಗುತ್ತದೆ. ಎಲೆಗೆ ಹಾಕುವ ತಂಬಾಕಿನ ನಿಕೋಟಿನ್ ಎಚ್ಚರಿಸುವಂಥದ್ದು, ಮಲಗುವ ಮುಂಚೆ ಒಂದು ಕವಳ ಹಾಕಿ ನಿದ್ದೆ ಬರಲಿಲ್ಲ ಎಂದರೆ ಬರುವುದು ಹೇಗೆ? ಮದ್ಯ ಮತ್ತು ತಂಬಾಕು ಎರಡೂ ಇದ್ದ ಬಾಯಿಗೆ ಕ್ಯಾನ್ಸರಿನ ಅಪಾಯವೂ ಹೆಚ್ಚು. ಎರಡನ್ನೂ ಒಟ್ಟಿಗೇ ಬಿಡಲು ಆಗದಿದ್ದರೆ ರಾತ್ರಿ ಊಟದ ನಂತರದ ಕವಳದಿಂದ ತಂಬಾಕು ತೆಗೆಯುವುದರಿಂದಲಾದರೂ ಶುರುಮಾಡಿ. ಬಾಯಲ್ಲಿ ಬಿಳಿ ಕಲೆಯೋ ವಾಸಿಯಾಗದ ಹುಣ್ಣೋ ಇದ್ದರೆ ತೋರಿಸಿ.

ಹೆಜ್ಜೆ 3: ಹೊಟ್ಟೆ ಖಾಲಿ ಬಿಡಬೇಡಿ

ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಆರೋಗ್ಯವಂತರಲ್ಲೂ ಅದರ ದಾಸ್ತಾನು ಎರಡು-ಮೂರು ವಾರಕ್ಕಾಗುವಷ್ಟು ಮಾತ್ರ. ಡಾಕ್ಟರು ಕೊಟ್ಟ ಥಯಮಿನ್ ಮಾತ್ರೆಯನ್ನು ಬರೀ ಶಕ್ತಿ ಮಾತ್ರೆ ಎಂದು ಅರ್ಧಕ್ಕೆ ಬಿಡಬೇಡಿ, ನೆನಪಿನ ಶಕ್ತಿ ಮತ್ತು ನಡಿಗೆಯ ಸಮತೋಲ ಎರಡೂ ಅದರ ಮೇಲೆ ನಿಂತಿವೆ.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ಕುಚಲಕ್ಕಿ ಗಂಜಿ ನಮ್ಮ ಮನೆಗಳಲ್ಲಿ ಹೊಸದಾಗಿ ಕಲಿಯಬೇಕಾದ್ದಲ್ಲ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಥಯಮಿನ್ ಕಾಳಿನ ಒಳಗೆ ಸೇರುವುದರಿಂದ ಬಿಳಿ ಅಕ್ಕಿಗಿಂತ ಇದರಲ್ಲಿ ಅದು ಹೆಚ್ಚು ಉಳಿಯುತ್ತದೆ. ಬೆಳಿಗ್ಗೆ ಒಂದು ಬಟ್ಟಲು ಗಂಜಿ, ಹೆಸರುಕಾಳು ಪಲ್ಯ. ಮೀನು ತಿನ್ನುವವರಿಗೆ ಬಂಗಡೆ, ತಾರ್ಲೆ, ಬಳಚು ಇವುಗಳಲ್ಲಿ ಬಿ12 ಧಾರಾಳ. ಘಟ್ಟದ ಮೇಲಿನ ಸಸ್ಯಾಹಾರಿಗಳು ಹಾಲು, ಮಜ್ಜಿಗೆ, ತಂಬುಳಿ ಬಿಡಬಾರದು, ಬಿ12 ಟೆಸ್ಟಿನಲ್ಲಿ ಕಡಿಮೆ ಬಂದರೆ ಮಾತ್ರೆಯೋ ಇಂಜೆಕ್ಷನ್ನೋ ಬೇಕಾಗುತ್ತದೆ.

ಸಂಜೆ ಐದರಿಂದ ಏಳು ಬಹಳ ಸೂಕ್ಷ್ಮ ಹೊತ್ತು. ಹಸಿವು ಮತ್ತು ಕುಡಿಯುವ ಸೆಳೆತ ಒಂದೇ ಥರ ಅನ್ನಿಸುತ್ತವೆ. ಐದಕ್ಕೇ ಹೊಟ್ಟೆಗೆ ಏನಾದರೂ ಹಾಕಿ: ಅವಲಕ್ಕಿ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ. ಸಿಹಿ ತಿನ್ನಬೇಕೆನ್ನಿಸುವುದು ಸಹಜ. ಸಕ್ಕರೆ ಕಾಯಿಲೆ ಇಲ್ಲದವರು ಮೊದಲ ತಿಂಗಳುಗಳಲ್ಲಿ ಜೋನಿಬೆಲ್ಲ, ತೊಡೆದೇವು ತಿಂದರೆ ಅದನ್ನೇ ದೊಡ್ಡ ತಪ್ಪೆಂದು ಬಯ್ಯಬೇಡಿ. ಕೈಯಲ್ಲೊಂದು ಲೋಟ ಬೇಕು ಅನ್ನಿಸುವವರಿಗೆ ಮುರುಗಲು ಪಾನಕ, ಮಸಾಲೆ ಮಜ್ಜಿಗೆ, ಶುಂಠಿ ಕಷಾಯ ಇವೆ. ಮಾವಿನಕಾಯಿಯ ತಿಳಿಸಾರು ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಎಂಬ ಮಾತು ಶಿರಸಿ ಕಡೆ ಇದೆ. ಅದನ್ನು ಔಷಧ ಎಂದು ಹೇಳಲಾರೆ, ರಾತ್ರಿ ಊಟದ ಕೊನೆಗೆ ಸಾವಕಾಶ ಕುಡಿಯಲು ಅದಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ. ಬಿಪಿ ಇದ್ದವರು ಉಪ್ಪು ಕಡಿಮೆ ಹಾಕಿಕೊಳ್ಳಿ.

ಹೆಜ್ಜೆ 4: ಸೆಳೆತ ಬಂದ ಅರ್ಧ ಗಂಟೆ

ಸೆಳೆತ ಭರತಿಯ ನೀರಿನಂತೆ ಏರುತ್ತದೆ, ತುದಿ ಮುಟ್ಟುತ್ತದೆ, ತಾನೇ ಇಳಿಯುತ್ತದೆ. ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ. ಇಳಿಯುವುದಿಲ್ಲ, ಕುಡಿಯುವವರೆಗೂ ಏರುತ್ತಲೇ ಇರುತ್ತದೆ ಎಂಬ ಭಯವೇ ಜನರನ್ನು ಬಾರಿಗೆ ನಡೆಸುವುದು. ಆ ಅರ್ಧ ಗಂಟೆಗೆ ಏನು ಮಾಡುತ್ತೀರೆಂದು ಮೊದಲೇ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಬಂದ ಹೊತ್ತಿಗೆ ತಲೆ ಓಡುವುದಿಲ್ಲ.

ಗಡಿಯಾರ ನೋಡಿ. "ಅರ್ಧ ಗಂಟೆ ಆಗಲಿ, ಆಮೇಲೆ ನೋಡುವ" ಎಂದು ಜೋರಾಗಿ ಹೇಳಿಕೊಳ್ಳಿ. ಇರುವ ಜಾಗದಿಂದ ಎದ್ದು ಹೋಗಿ. ಹೊಟ್ಟೆಗೆ ಏನಾದರೂ ಹಾಕಿ, ಎರಡು ಲೋಟ ನೀರು ಕುಡಿಯಿರಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಹಸಿವೆಯೇ, ಸಿಟ್ಟೇ, ಒಂಟಿತನವೇ, ದಣಿವೇ? ನಾಲ್ಕರಲ್ಲಿ ಒಂದು ಇದ್ದೇ ಇರುತ್ತದೆ. ಅದಕ್ಕೆ ಬೇಕಾದದ್ದನ್ನು ಮಾಡಿ. ಒಬ್ಬರಿಗೆ ಫೋನ್ ಮಾಡಿ. ಯಾರಿಗೆ ಎಂಬುದನ್ನು ಈಗಲೇ ಗೊತ್ತುಮಾಡಿಕೊಂಡು, ಅವರಿಗೂ ಹೇಳಿಟ್ಟಿರಿ: "ನಾ ಫೋನ್ ಮಾಡಿದ್ರೆ ಬುದ್ಧಿ ಹೇಳೂದು ಬೇಡ, ಹತ್ತು ನಿಮಿಷ ಮಾತಾಡು ಸಾಕು."

ಕುಡಿಯಲು ಕರೆಯುವ ಗೆಳೆಯರಿಗೆ ಹೇಳುವ ಉತ್ತರವೂ ತಯಾರಿರಲಿ. ಉದ್ದ ವಿವರಣೆ ಕೊಟ್ಟಷ್ಟೂ ಅವರು ವಾದಕ್ಕಿಳಿಯುತ್ತಾರೆ. "ಬೇಡ ಮಾರಾಯ, ಮಾತ್ರೆ ನಡೀತಾ ಉಂಟು, ಕುಡಿದ್ರೆ ನೇರ ಆಸ್ಪತ್ರೆಗೇ" ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಸುಮ್ಮನಾಗದವರ ಜೊತೆ ಒಂದು ವರ್ಷ ಕೂರಬೇಡಿ.

ಹೆಜ್ಜೆ 5: ಅಪಾಯದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಬಿಟ್ಟವರು ಮತ್ತೆ ಶುರು ಮಾಡುವುದು ಮೊದಲ ಮೂರು ತಿಂಗಳಲ್ಲೇ ಹೆಚ್ಚು, ಹಾಗಾಗಿ ಮೊದಲ ವರ್ಷದ ಕ್ಯಾಲೆಂಡರನ್ನು ಮನೆಮಂದಿ ಸೇರಿ ನೋಡಬೇಕು.

ಕರಾವಳಿಯ ಮೀನುಗಾರರಿಗೆ ಅತಿ ಕಠಿಣವಾದದ್ದು ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ದೋಣಿಗಳ ನಿಷೇಧದ 61 ದಿನ. ಬೈತಖೋಲದಲ್ಲಿ, ತದಡಿಯಲ್ಲಿ ಬೋಟುಗಳು ದಡ ಸೇರುತ್ತವೆ, ಹೊರಗೆ ಬಿಡದ ಮಳೆ, ಕೈಯಲ್ಲಿ ಕೆಲಸವಿಲ್ಲ, ದುಡ್ಡಿನ ಚಿಂತೆ. ನಿದ್ದೆ, ಬೇಸರ, ಸೆಳೆತ ಮೂರೂ ಒಟ್ಟಿಗೇ ಕೆದರುವ ಕಾಲ ಇದು. ಮೇ ತಿಂಗಳಲ್ಲೇ ಈ ಎರಡು ತಿಂಗಳಿಗೆ ಬೆಳಗಿನ ಕೆಲಸವೊಂದನ್ನು ಗೊತ್ತುಮಾಡಿಕೊಳ್ಳಿ: ಬಲೆ ದುರಸ್ತಿ, ಗದ್ದೆ ನಾಟಿ, ಮರದ ಕೆಲಸ, ಏನಾದರೂ ಸರಿ. ಸಂಬಳ ಕಡಿಮೆಯಾದರೂ ಅಡ್ಡಿಯಿಲ್ಲ, ಎದ್ದು ಹೋಗಲು ಒಂದು ಜಾಗ ಬೇಕು.

ದುಡ್ಡು ಕೈಗೆ ಬರುವ ದಿನ ಇನ್ನೊಂದು. ಬೋಟಿನ ಪಾಲು ಹಂಚುವ ಸಂಜೆ, ಶಿರಸಿಯಲ್ಲಿ ಅಡಿಕೆ ಮಾರಿದ ದಿನ, ವಾರದ ಬಟವಾಡೆ. ಆ ದಿನ ಹೆಂಡತಿಯೋ ಅಣ್ಣನೋ ಜೊತೆಗಿರಲಿ, ಹಣ ನೇರ ಬ್ಯಾಂಕಿಗೆ ಹೋಗಲಿ. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಊರ ನೆಂಟರೆಲ್ಲ ಸೇರುತ್ತಾರೆ. ಹಗಲು ಮಕ್ಕಳ ಜೊತೆ ಹೋಗಿ, ಕತ್ತಲಾಗುವ ಮುಂಚೆ ಮನೆ ಸೇರಿ. ಕಾರವಾರದ ಕೋಡಿಬಾಗದ ಖಾಪ್ರಿ ದೇವರಿಗೆ ಮದ್ಯ ಅರ್ಪಿಸುವ ಹರಕೆಯಿದೆ. ಈ ವರ್ಷದ ಮಟ್ಟಿಗೆ ಹಣ್ಣುಕಾಯಿ ಕೊಟ್ಟು ಕೈಮುಗಿಯಿರಿ, ಹಳೆಯ ಹರಕೆ ಇದ್ದರೆ ಮನೆಯ ಬೇರೆಯವರು ತೀರಿಸಲಿ. ಮಾಜಾಳಿ ದಾಟಿ ಗೋವಾಕ್ಕೆ ಹೋಗುವ ಕೆಲಸವನ್ನು ಆದಷ್ಟು ಮುಂದೂಡಿ, ತಪ್ಪದಿದ್ದರೆ ಕುಡಿಯದವರ ಜೊತೆ ಹೋಗಿ ಅದೇ ದಿನ ವಾಪಸು ಬನ್ನಿ. ಮನೆಯಲ್ಲಿ ನೆಂಟರಿಗೆಂದು ಇಟ್ಟ ಮಿಲಿಟರಿ ಕ್ಯಾಂಟೀನಿನ ಬಾಟ್ಲಿ, ಮೈಕೈ ನೋವಿಗೆಂದು ಇಟ್ಟ ಗೇರು ಫೆನ್ನಿ, ಎರಡನ್ನೂ ಇಂದೇ ಹೊರಹಾಕಿ.

ಹೆಜ್ಜೆ 6: ಮರೆವು, ಸಿಟ್ಟು, ಸಪ್ಪೆತನ

ಗಮನ ನಿಲ್ಲದಿರುವುದು, ಹೆಸರು ಮರೆಯುವುದು ತಿಂಗಳುಗಳಲ್ಲಿ ಸುಧಾರಿಸುತ್ತದೆ. ಅಲ್ಲಿಯವರೆಗೆ ಸಣ್ಣ ಪುಸ್ತಕವೊಂದನ್ನು ಜೇಬಿನಲ್ಲಿಡಿ, ಒಂದು ಹೊತ್ತಿಗೆ ಒಂದೇ ಕೆಲಸ ಹಿಡಿಯಿರಿ. ಅಡಿಕೆ ಮರ ಏರುವ ಕೊನೆಗೌಡರು, ಬೋಟಿನ ವಿಂಚ್ ಹತ್ತಿರ ನಿಲ್ಲುವವರು, ಲಾರಿ ಓಡಿಸುವವರು ನಿದ್ದೆಗೆಟ್ಟ ಮರುದಿನ ಆ ಕೆಲಸಕ್ಕೆ ಹೋಗಬಾರದು. ಒಂದು ದಿನದ ಕೂಲಿ ಹೋಗಲಿ.

ಸಿಟ್ಟಿಗೆ ನನಗೆ ತಿಳಿದ ಒಂದೇ ಉಪಾಯ, ಏರುವ ಮೊದಲೇ ಜಾಗ ಬಿಡುವುದು. "ಈಗ ಬೇಡ, ಅರ್ಧ ತಾಸು ಬಿಟ್ಟು ಮಾತಾಡುವ" ಎಂದು ಹೇಳಿ ಹೊರಗೆ ನಡೆಯಿರಿ, ಹೇಳಿದ ಹೊತ್ತಿಗೆ ವಾಪಸು ಬನ್ನಿ. ವಾಪಸು ಬರುವುದು ಮುಖ್ಯ, ಇಲ್ಲದಿದ್ದರೆ ಮನೆಯವರು ಬಾರಿಗೆ ಹೋದಿರಿ ಎಂದೇ ತಿಳಿಯುತ್ತಾರೆ.

ಸಪ್ಪೆತನಕ್ಕೆ ಮೈ ಅಲುಗಾಡಿಸುವುದರಷ್ಟು ಕೆಲಸ ಮಾಡುವುದು ಬೇರೆ ಕಡಿಮೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಿನ ನಡಿಗೆ. ಕಾರವಾರದವರಿಗೆ ಟಾಗೋರ್ ಕಡಲತೀರವಿದೆ, ಬೆಳಿಗ್ಗೆ ಆರೂವರೆಗೆ ಅಲ್ಲಿ ಒಬ್ಬರಲ್ಲ ಒಬ್ಬರು ಮಾತಿಗೆ ಸಿಗುತ್ತಾರೆ. ಖುಷಿ ಬಂದ ಮೇಲೆ ಮಾಡುತ್ತೇನೆ ಎಂದು ಕಾಯಬೇಡಿ. ಈ ಹಂತದಲ್ಲಿ ಮೊದಲು ಮಾಡಬೇಕು, ಖುಷಿ ತಡವಾಗಿ ಬರುತ್ತದೆ. ಕುಡಿತ ಪೂರ್ತಿ ನಿಂತು ನಾಲ್ಕು ವಾರ ಕಳೆದರೂ ದಿನವಿಡೀ ದುಃಖ, ಅಳು, ಬದುಕು ಬೇಡವೆನ್ನುವ ಭಾವ ಇದ್ದರೆ ಅದು ಪ್ರತ್ಯೇಕ ಖಿನ್ನತೆ ಇರಬಹುದು, ಅದಕ್ಕೆ ಬೇರೆ ಚಿಕಿತ್ಸೆಯೇ ಬೇಕು. ಲೈಂಗಿಕ ಶಕ್ತಿ ಕುಂದಿದೆ ಎಂಬ ಚಿಂತೆಯನ್ನು ಗಂಡಸರು ಯಾರಿಗೂ ಹೇಳುವುದಿಲ್ಲ. ಕುಡಿತ ಬಿಟ್ಟ ಹಲವರಿಗೆ ತಿಂಗಳುಗಳಲ್ಲಿ ಇದು ಸುಧಾರಿಸುತ್ತದೆ, ಸುಧಾರಿಸದಿದ್ದರೆ ಡಾಕ್ಟರಿಗೆ ಹೇಳಿ. ಕುಡಿತ ಬಿಟ್ಟ ಹೆಂಗಸರೂ ನಮ್ಮ ನಡುವೆ ಇದ್ದಾರೆ. ಅವರು ನಾಚಿಕೆಯಿಂದ ಇಡೀ ಕಷ್ಟವನ್ನು ಒಬ್ಬರೇ ನುಂಗುತ್ತಾರೆ. 14416ಕ್ಕೆ ಫೋನ್ ಮಾಡಲು ಊರಿನ ಯಾರಿಗೂ ತಿಳಿಸಬೇಕಿಲ್ಲ.

ಹೆಜ್ಜೆ 7: ಮನೆಯವರಿಗೆ

ತಂಗಿ, ಅಕ್ಕ, ಅಮ್ಮ, ನಿಮ್ಮ ಸಿಟ್ಟು ನ್ಯಾಯವಾದದ್ದು. ಅವರು ಕುಡಿಯುವಾಗ ಅದುಮಿಟ್ಟ ನೋವು ಅವರು ಬಿಟ್ಟ ಮೇಲೆ ಹೊರಗೆ ಬರುತ್ತದೆ, ಅದೂ ಸರಿಯೇ. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರು ಕುಡಿತಕ್ಕೆ ಮಗನನ್ನು ಕಳೆದುಕೊಂಡ ತಾಯಿ. ಹಾಲಕ್ಕಿ ಸಮುದಾಯದ ಹಾಡುಗಳಿಗೆ 2017ರಲ್ಲಿ ಪದ್ಮಶ್ರೀ ಪಡೆದ ಅವರು ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತವರು. ಈ ಜಿಲ್ಲೆಯ ಹೆಂಗಸರಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕು ಎಲ್ಲರಿಗಿಂತ ಹೆಚ್ಚು ಎಂದೇ ನಾನು ನಂಬುತ್ತೇನೆ.

ಆದರೂ ಮೊದಲ ವರ್ಷ ಎರಡು ಮೂರು ವಿಷಯ ನೋಡಿಕೊಳ್ಳಿ. ಸಂಜೆ ಬಾಗಿಲಲ್ಲೇ ಬಾಯಿ ಮೂಸಿ ನೋಡುವುದು ಬೇಡ. ಅನುಮಾನವಿದ್ದರೆ ನೇರವಾಗಿ ಕೇಳಿ. ಮುಖ ಗಂಟುಹಾಕಿ ಕೂತರೆ "ಮತ್ತೆ ಶುರುವಾಯ್ತಾ" ಎನ್ನುವ ಬದಲು "ಇವತ್ತು ನಿದ್ದೆ ಆಗ್ಲಿಲ್ವಾ, ಊಟ ಮಾಡಿ ಮಲಗಿ" ಎಂದು ನೋಡಿ. ಹೊಡೆತ, ಬಯ್ಗುಳವನ್ನು ಮಾತ್ರ ವಿಡ್ರಾವಲ್ ಹೆಸರಿನಲ್ಲಿ ಸಹಿಸಬೇಕಿಲ್ಲ. ತವರಿಗೋ ನೆರೆಮನೆಗೋ ಹೋಗಿ, ಸಹಾಯ ಕೇಳಿ.

ಗುಂಪು ಬೇಕು, ಒಬ್ಬರೇ ಎಳೆಯುವುದು ಕಷ್ಟ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಮ್ಮ ಜಿಲ್ಲೆಯಲ್ಲೂ ನಡೆಯುತ್ತವೆ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಯ ಸಭೆಗಳಿವೆ. ಶಿಬಿರಕ್ಕಿಂತ ಆ ಸಭೆಗಳೇ ತಡವಾಗಿ ಬರುವ ಕಷ್ಟಕ್ಕೆ ಹೆಚ್ಚು ಆಸರೆ ಎಂಬುದು ನನ್ನ ಅನುಭವ, ಆದ್ದರಿಂದ ತಪ್ಪಿಸಬೇಡಿ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಕುಡಿತ ಬಿಡುವವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ಆನ್‌ಲೈನಿನಲ್ಲೂ ನಡೆಯುತ್ತವೆ, ಹೆಸರು ಹೇಳಬೇಕಿಲ್ಲ, ದುಡ್ಡು ಕೊಡಬೇಕಿಲ್ಲ.

ಹೆಜ್ಜೆ 8: ಎಡವಿದರೆ

ಒಂದು ಸಂಜೆ ಕುಡಿದುಬಿಟ್ಟಿರಿ ಎನ್ನಿ. ಹೇಗೂ ಹೋಯಿತೆಂದು ಎರಡನೆಯ ದಿನ ಮುಂದುವರಿಸುವುದೇ ನಿಜವಾದ ಹಾನಿ. ಅದೇ ರಾತ್ರಿ ನಂಬಿಕೆಯವರೊಬ್ಬರಿಗೆ ತಿಳಿಸಿ, ಬೆಳಿಗ್ಗೆ ಡಾಕ್ಟರಿಗೆ ಹೇಳಿ. ಬಿಟ್ಟು ಕೆಲವು ತಿಂಗಳಾದ ಮೈಗೆ ತಾಳಿಕೆ ಇಳಿದಿರುತ್ತದೆ, ಹಿಂದಿನಷ್ಟೇ ಕುಡಿದರೆ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಬರಬಹುದು. ಕೆಲವು ದಿನ ಸತತ ಕುಡಿದಿದ್ದರೆ ಮತ್ತೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ, ಬಿಟ್ಟು ಹಿಡಿದು ಬಿಟ್ಟು ಹಿಡಿದಷ್ಟೂ ವಿಡ್ರಾವಲ್ ಜೋರಾಗುತ್ತ ಹೋಗುತ್ತದೆ.

ಕಾಯದೆ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು

ಫಿಟ್ಸ್. ಇಲ್ಲದ್ದು ಕಾಣುವುದು, ಕೇಳುವುದು. ಗೊಂದಲ, ಕಣ್ಣುಗುಡ್ಡೆ ನಡುಗುವುದು ಅಥವಾ ಎರಡೆರಡು ಕಾಣುವುದು, ಕುಡಿಯದಿದ್ದರೂ ಹೆಜ್ಜೆ ತೂರಾಡುವುದು: ಇದು ಥಯಮಿನ್ ತೀರಾ ಕುಸಿದದ್ದಿರಬಹುದು, ತಡಮಾಡಿದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಹಳದಿ ಕಣ್ಣು, ಊದಿದ ಹೊಟ್ಟೆ. ಸಾಯುವ ಯೋಚನೆ ಬಂದವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ತೋಟದ ಔಷಧಿ, ಹಗ್ಗ, ಹೆಚ್ಚುವರಿ ಮಾತ್ರೆಗಳನ್ನು ಕೈಗೆ ಸಿಗದಂತೆ ಮಾಡಿ. ಪಾದ ಉರಿ, ಜೋಮು ಇದ್ದರೆ ಇಷ್ಟು ಅವಸರವಿಲ್ಲ, ಆ ವಾರದಲ್ಲೇ ತೋರಿಸಿದರೆ ಸಾಕು.

108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋದ ಕೂಡಲೇ ನಾಲ್ಕು ವಿಷಯ ಹೇಳಿ: ಎಷ್ಟು ವರ್ಷ ಕುಡಿದದ್ದು, ಕೊನೆಯ ಸಲ ಕುಡಿದದ್ದು ಯಾವಾಗ, ಈಗ ಯಾವ ಮಾತ್ರೆ ನಡೆಯುತ್ತಿದೆ, ಹಿಂದೆ ಫಿಟ್ಸ್ ಬಂದದ್ದುಂಟೇ. ಮರ್ಯಾದೆಗಂಜಿ ಕುಡಿತದ ವಿಷಯ ಮುಚ್ಚಿಡಬೇಡಿ. ಗ್ಲೂಕೋಸ್ ಹಾಕುವ ಮುನ್ನ ಥಯಮಿನ್ ಇಂಜೆಕ್ಷನ್ ಕೊಡಬೇಕೋ ಎಂದು ಅವರು ನಿರ್ಧರಿಸುವುದು ಈ ಉತ್ತರಗಳ ಮೇಲೆಯೇ.